ನಿರೀಕ್ಷೆ ಇಟ್ಟುಕೊಂಡವರ ದಿನಚರಿ: ಪರಿಶುದ್ಧ ಬದುಕಿಗೊಂದು ಸಮಗ್ರ ಮಾರ್ಗದರ್ಶಿ

ಸುಮಾರು 112ರಲ್ಲಿ, ಇಂದಿನ ಟರ್ಕಿಯ ಉತ್ತರಕ್ಕಿದ್ದ ಬಿಥೂನ್ಯ-ಪೊಂತ ಪ್ರಾಂತ್ಯದ ರೋಮನ್ ಅಧಿಪತಿ ಪ್ಲೀನಿ ತನ್ನ ಚಕ್ರವರ್ತಿ ತ್ರಾಜನನಿಗೆ ಒಂದು ಪತ್ರ ಬರೆದ. ಕ್ರೈಸ್ತರೆಂಬ ಜನರನ್ನು ಹಿಡಿದು ವಿಚಾರಿಸಿದ್ದೇನೆ, ಸಿಕ್ಕಿದ್ದು ಇಷ್ಟೇ ಎಂದು ವರದಿ ಒಪ್ಪಿಸಿದ. ನಿಗದಿಯಾದ ಒಂದು ದಿನ ಬೆಳಕು ಹರಿಯುವ ಮುಂಚೆ ಸೇರುತ್ತಾರೆ, ಕ್ರಿಸ್ತನನ್ನು ದೇವರೆಂದು ಹಾಡಿ ಹೊಗಳುತ್ತಾರೆ, ಒಂದು ಆಣೆ ಮಾಡಿಕೊಳ್ಳುತ್ತಾರೆ. ಕಳ್ಳತನ, ದರೋಡೆ, ವ್ಯಭಿಚಾರ ಮಾಡುವುದಿಲ್ಲ. ಕೊಟ್ಟ ಮಾತಿಗೆ ತಪ್ಪುವುದಿಲ್ಲ. ನಂಬಿ ಇಟ್ಟ ಠೇವಣಿಯನ್ನು ವಾಪಸ್ ಕೇಳಿದಾಗ ಇಲ್ಲವೆನ್ನುವುದಿಲ್ಲ.

ಆ ಕೊನೆಯ ಮಾತಿನ ತೂಕ, ಬೆಂಗಳೂರಿನಲ್ಲಿ ಬಾಡಿಗೆ ಮನೆ ಖಾಲಿ ಮಾಡಿ ಅಡ್ವಾನ್ಸಿಗಾಗಿ ಅಲೆದವರಿಗೆ ಚೆನ್ನಾಗಿ ಗೊತ್ತು. ಸತ್ತವರು ಏಳುತ್ತಾರೆ, ಕ್ರಿಸ್ತನು ಮರಳಿ ಬರುತ್ತಾನೆ ಎಂದು ನಂಬಿದ್ದ ಜನರ ನಂಬಿಕೆ ಹೊರಗೆ ಕಂಡದ್ದು ಠೇವಣಿ ಹಿಂತಿರುಗಿಸುವುದರಲ್ಲಿ. ಪ್ಲೀನಿಗೂ ಹಿಂದೆ ಇದೇ ಸೀಮೆಯ ಸಭೆಗಳಿಗೆ ಒಂದು ಪತ್ರ ಬಂದಿತ್ತು. ಪೊಂತ, ಗಲಾತ್ಯ, ಕಪ್ಪದೋಕ್ಯ, ಆಸ್ಯ, ಬಿಥೂನ್ಯ ಎಂದು ಊರುಸೀಮೆ ಹೆಸರಿಸಿಯೇ ಶುರುವಾಗುವ, ಬೈಬಲಿನಲ್ಲಿರುವ ಪೇತ್ರನ ಮೊದಲ ಪತ್ರ. ಅದರ ಮೊದಲ ಅಧ್ಯಾಯ ನಿರೀಕ್ಷೆಯಿಂದ ಹೊರಟು ನೇರವಾಗಿ ಪರಿಶುದ್ಧತೆಗೆ ಬರುತ್ತದೆ. ಈ ಮಾರ್ಗದರ್ಶಿ ಹಿಡಿದಿರುವುದೂ ಅದೇ ದಾರಿಯನ್ನು. ಮೊದಲ ಆರು ವಾರಗಳ ಕೆಲಸವನ್ನು ಬಿಡಿಸಿ ಹೇಳುತ್ತೇವೆ. ನಂತರದ್ದು ರೂಢಿ. ಕಥೋಲಿಕರು, ಸಿಎಸ್‌ಐ (ದಕ್ಷಿಣ ಭಾರತ ಸಭೆ), ಮೆಥೊಡಿಸ್ಟ್, ಪೆಂತೆಕೋಸ್ತ್ ಸಭೆಯವರು ಎಲ್ಲರೂ ಬಳಸಬಹುದು. ದಾರಿ ಬೇರೆಯಾಗುವ ಕಡೆ ಹಾಗೆಂದು ಹೇಳಿದ್ದೇವೆ.

ಯಾವ ನಿರೀಕ್ಷೆ?

ಇದನ್ನು ಮೊದಲೇ ಸರಿಮಾಡಿಕೊಳ್ಳದಿದ್ದರೆ ಮುಂದಿನ ಎಲ್ಲವೂ ವಾಲುತ್ತದೆ. ನಮ್ಮ ಮಾತಿನಲ್ಲಿ ‘ನಿರೀಕ್ಷೆ’ ಎಂದರೆ ಆಗಬಹುದು, ಆಗದೆಯೂ ಇರಬಹುದು. ಮಳೆಯ ನಿರೀಕ್ಷೆ, ಪ್ರಮೋಷನ್ನಿನ ನಿರೀಕ್ಷೆ. ಪೇತ್ರ ಹೇಳುವ ‘ಜೀವಂತ ನಿರೀಕ್ಷೆ’ಗೆ ಆಧಾರ ಈಗಾಗಲೇ ನಡೆದುಹೋದ ಒಂದು ಘಟನೆ, ಯೇಸುವಿನ ಪುನರುತ್ಥಾನ. ಬಿತ್ತಿದ ಬೀಜ ಮೊಳಕೆ ಒಡೆದಿದ್ದನ್ನು ಕಣ್ಣಾರೆ ಕಂಡ ರೈತ ಪೈರಿಗಾಗಿ ಕಾಯುತ್ತಾನಲ್ಲ, ಅಂಥ ಕಾಯುವಿಕೆ. ಪೌಲ ಇದಕ್ಕೆ ‘ಪ್ರಥಮಫಲ’ ಎಂಬ ಕೃಷಿಯ ಮಾತನ್ನೇ ಬಳಸಿದ್ದಾನೆ.

ಎರಡನೆಯದು, ಸತ್ತ ಮೇಲೆ ಆತ್ಮ ಮೇಲಕ್ಕೆ ಹೋಗುತ್ತದೆ ಎಂಬಲ್ಲಿಗೆ ಈ ನಿರೀಕ್ಷೆ ಮುಗಿಯುವುದಿಲ್ಲ. ವಿಶ್ವಾಸಪ್ರಮಾಣದಲ್ಲಿ ವಾರವಾರ ಹೇಳುವುದು ಶರೀರದ ಪುನರುತ್ಥಾನವನ್ನು. ಪೇತ್ರನ ಎರಡನೇ ಪತ್ರದ ಮೂರನೇ ಅಧ್ಯಾಯ ಹೇಳುವುದು ನೀತಿ ನೆಲೆಸುವ ಹೊಸ ಆಕಾಶ, ಹೊಸ ಭೂಮಿಯನ್ನು. ವ್ಯತ್ಯಾಸ ಸಣ್ಣದೆಂದು ತೋರಬಹುದು, ಆದರೆ ದಿನಚರಿಯೇ ಇದರ ಮೇಲೆ ನಿಂತಿದೆ. ಉಳಿಯುವುದು ಆತ್ಮ ಮಾತ್ರ ಎಂದುಕೊಂಡವನಿಗೆ ದೇಹ ಏನು ಮಾಡಿದರೂ ಸರಿ, ಕೂಲಿಯವನ ಹಸಿವು ದೇವರ ವಿಷಯವೇ ಅಲ್ಲ. ದೇಹ ಏಳುತ್ತದೆ ಎಂದು ನಂಬಿದವನಿಗೆ ಕೈ, ನಾಲಗೆ, ಹಾಸಿಗೆ, ಹಣ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯ ಪೂರ್ತಿ 58 ವಚನ ಪುನರುತ್ಥಾನದ ಮೇಲಿದೆ. ಅದು ಮುಗಿದ ಮರುಗಳಿಗೆ, 16ನೇ ಅಧ್ಯಾಯದ ಆರಂಭದಲ್ಲೇ, ವಾರಕ್ಕೊಮ್ಮೆ ಬಡವರಿಗಾಗಿ ಹಣ ತೆಗೆದಿಡುವ ವಿಷಯ. ಪೌಲನಿಗೆ ಇವೆರಡರ ನಡುವೆ ಅಂತರವೇ ಕಂಡಿಲ್ಲ.

ಇನ್ನೊಂದು ಮಾತು. ಬೀಗರು ಬರುತ್ತಾರೆಂದು ಗೊತ್ತಾದ ಮೇಲೆ ಮನೆ ಸಾರಿಸುತ್ತೇವೆ. ಸಾರಿಸಿದ್ದಕ್ಕೆ ಬೀಗರು ಬರುವುದಲ್ಲ. ಪರಿಶುದ್ಧವಾಗಿ ಬದುಕಿದರೆ ದೇವರು ಒಪ್ಪಿಕೊಳ್ಳುತ್ತಾನೆ ಎಂದು ಹೊರಟವರು ಒಂದೋ ಆರು ತಿಂಗಳಲ್ಲಿ ಸೋತು ಕೂರುತ್ತಾರೆ, ಇಲ್ಲವೇ ಪಕ್ಕದ ಮನೆಯವರ ಪಾಪ ಎಣಿಸತೊಡಗುತ್ತಾರೆ. ಕೃಪೆ ಮೊದಲು. ತೀತನಿಗೆ ಬರೆದ ಪತ್ರದ 2:11–13ರಲ್ಲಿ ಈ ಕ್ರಮ ಸ್ಪಷ್ಟ: ಕೃಪೆ ಬಂತು, ಅದೇ ನಮಗೆ ಪಾಠ ಹೇಳಿಕೊಡುತ್ತಿದೆ, ನಾವು ಕಾಯುತ್ತಿದ್ದೇವೆ.

ಮಡಿಯೂ ಪರಿಶುದ್ಧತೆಯೂ ಒಂದೇ ಅಲ್ಲ

ಕನ್ನಡದ ಕಿವಿಗೆ ‘ಪರಿಶುದ್ಧ’ ಎಂದೊಡನೆ ಮಡಿ ನೆನಪಾಗುತ್ತದೆ. ಮುಟ್ಟದಿರುವುದು, ದೂರವಿರುವುದು. ಹೀಬ್ರೂವಿನ ‘ಕಾದೋಶ್’ ಎಂಬ ಪದಕ್ಕೆ ಪ್ರತ್ಯೇಕಿಸಿದ್ದು, ದೇವರಿಗೆಂದು ತೆಗೆದಿಟ್ಟದ್ದು ಎಂಬ ಅರ್ಥ ಇದೆ, ನಿಜ. ಯಾಜಕಕಾಂಡದ 11ರಿಂದ 15ನೇ ಅಧ್ಯಾಯಗಳಲ್ಲಿ ಮುಟ್ಟು-ಮೈಲಿಗೆಯ ವಿಧಿಗಳೂ ಇವೆ. ಆದರೆ ‘ನಾನು ಪರಿಶುದ್ಧನಾಗಿರುವುದರಿಂದ ನೀವೂ ಪರಿಶುದ್ಧರಾಗಿರಿ’ ಎಂಬ ಮಾತು 19ನೇ ಅಧ್ಯಾಯದ ಬಾಗಿಲಲ್ಲಿ ಬಂದಾಗ, ಒಳಗೆ ಕಾಣುವುದು ಹೊಲದ ಅಂಚು, ಕೂಲಿ, ತಕ್ಕಡಿ, ಚಾಡಿ, ಮುದುಕರು, ಪರದೇಶಿ. ಯೇಸುವಂತೂ ಕುಷ್ಠರೋಗಿಯನ್ನು ಮುಟ್ಟಿದ. ಅಲ್ಲಿ ಹರಡಿದ್ದು ಮೈಲಿಗೆಯಲ್ಲ, ವಾಸಿ. ಆದ್ದರಿಂದ ನಿಮ್ಮ ಪರಿಶುದ್ಧತೆ ನಿಮ್ಮನ್ನು ಜನರಿಂದ, ಅದರಲ್ಲೂ ಕೆಳಗೆ ಬಿದ್ದವರಿಂದ, ದೂರ ಒಯ್ಯುತ್ತಿದ್ದರೆ ಎಲ್ಲೋ ದಾರಿ ತಪ್ಪಿದೆ.

ಮೊದಲ ವಾರ: ಪತ್ರವನ್ನು ಪತ್ರದಂತೆ ಓದುವುದು

1 ಪೇತ್ರದಲ್ಲಿ 5 ಅಧ್ಯಾಯ, 105 ವಚನಗಳಿವೆ. ದನಿ ಎತ್ತಿ ಓದಿದರೆ 20 ನಿಮಿಷ. ಏಳು ದಿನವೂ ಪೂರ್ತಿ ಓದಿ. ದಿನಕ್ಕೊಂದು ವಚನ ಕಿತ್ತು ವಾಟ್ಸಾಪ್‌ನಲ್ಲಿ ಹಂಚುವ ಅಭ್ಯಾಸವನ್ನು ಈ ವಾರದ ಮಟ್ಟಿಗೆ ನಿಲ್ಲಿಸಿ. ಮೊದಲೆರಡು ದಿನ ಸುಮ್ಮನೆ ಓದು. ಮೂರನೇ ದಿನದಿಂದ ಪೆನ್ಸಿಲ್ ಹಿಡಿಯಿರಿ. ಮುಂದೆ ಆಗಲಿರುವುದನ್ನು ಹೇಳುವ ಮಾತಿನ ಕೆಳಗೆ ಒಂದು ಗೆರೆ (ಬಾಧ್ಯತೆ ಅಂದರೆ ಸಿಗಲಿರುವ ಆಸ್ತಿ, ಪ್ರತ್ಯಕ್ಷತೆ, ಮಹಿಮೆ, ಕಿರೀಟ), ಈಗ ಮಾಡಬೇಕಾದ್ದರ ಕೆಳಗೆ ಎರಡು ಗೆರೆ. ವಾರದ ಕೊನೆಗೆ ಒಂದು ಗೆರೆಯ ಪಕ್ಕದಲ್ಲೇ ಎರಡು ಗೆರೆ ಬಿದ್ದಿರುವುದು ಮತ್ತೆ ಮತ್ತೆ ಕಾಣುತ್ತದೆ.

1:13ರಲ್ಲಿ ನಿಲ್ಲಿ. ಮನಸ್ಸಿನ ನಡುಕಟ್ಟಿಕೊಳ್ಳಿ ಎನ್ನುತ್ತಾನೆ. ನಿಲುವಂಗಿ ತೊಟ್ಟ ಆ ಕಾಲದವರು ಓಡಬೇಕಾದಾಗ, ದುಡಿಯಬೇಕಾದಾಗ ಅದನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸುತ್ತಿದ್ದರು. ಗದ್ದೆಗಿಳಿಯುವ ಮುನ್ನ ಪಂಚೆ ಎತ್ತಿ ಕಟ್ಟುವ, ಟೊಂಕ ಕಟ್ಟಿ ನಿಲ್ಲುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಕಾಯುವುದೆಂದರೆ ಜಗುಲಿಯ ಮೇಲೆ ಕಾಲು ಚಾಚಿ ಕೂರುವುದು ಎಂಬ ಭ್ರಮೆ ಇದೊಂದೇ ಮಾತಿಗೆ ಹೋಗಬೇಕು. ಈ ಪತ್ರ ಯಾರಿಗೆ ಬಂತೆಂಬುದನ್ನೂ ಗಮನಿಸಿ. ಒರಟು ಯಜಮಾನರ ಕೈಕೆಳಗಿನ ಆಳುಗಳು, ನಂಬದ ಗಂಡಂದಿರ ಹೆಂಡತಿಯರು, ಊರಿನವರ ಬೈಗುಳ ತಿನ್ನುತ್ತಿದ್ದವರು. ಪರಿಶುದ್ಧತೆಗೆ ಶಾಂತವಾದ ಬೆಟ್ಟದ ಆಶ್ರಮ ಬೇಕು ಎಂದು ಪೇತ್ರ ಎಲ್ಲೂ ಹೇಳಿಲ್ಲ.

ಎರಡನೇ ವಾರ: ಲೆಕ್ಕಪುಸ್ತಕ

ನಿಮ್ಮ ತಪ್ಪುಗಳನ್ನು ಬರೆದಿಡಲು 40 ಪುಟದ ಒಂದು ನೋಟ್‌ಬುಕ್ ಸಾಕು. ಫೋನಿನಲ್ಲಿ ಬರೆಯಬೇಡಿ, ಇನ್ನೊಬ್ಬರ ಕಣ್ಣಿಗೆ ಬೀಳುವುದು ಸುಲಭ. ಯಾಜಕಕಾಂಡ 19ನ್ನು ಎದುರಿಗಿಟ್ಟು ರಾತ್ರಿಗೊಂದರಂತೆ ಒಂದೊಂದು ಪುಟ.

ಹಣದಿಂದ ಶುರುಮಾಡುವುದು ಒಳ್ಳೆಯದು, ಏಕೆಂದರೆ ಅಲ್ಲಿ ಭಾವನೆಗೆ ಜಾಗವಿಲ್ಲ, ಅಂಕಿ ಮಾತಾಡುತ್ತದೆ. 13ನೇ ವಚನ ಕೂಲಿಯವನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬೇಡ ಎನ್ನುತ್ತದೆ. ಮನೆಕೆಲಸದವರ ಸಂಬಳ ಎಷ್ಟನೇ ತಾರೀಖಿಗೆ ಕೊಡುತ್ತೀರಿ? ಅವರು ರಜೆ ಹಾಕಿದ ದಿನದ ದುಡ್ಡು ಮುರಿಯುವಾಗ, ನಿಮ್ಮ ಕಚೇರಿ ನಿಮಗೆ ಕೊಡುವ ಸಂಬಳದ ರಜೆ ನೆನಪಾಗಿತ್ತೇ? ತೋಟದಾಳುಗಳ ಬಟವಾಡೆ ಬಾಕಿ ಇದೆಯೇ? ಬಾಡಿಗೆದಾರರ ಅಡ್ವಾನ್ಸಿನಿಂದ ಪೇಂಟಿಂಗ್ ಹೆಸರಲ್ಲಿ ಎಷ್ಟು ಹಿಡಿದಿರಿ, ಪೇಂಟಿಂಗಿಗೆ ನಿಜಕ್ಕೂ ಎಷ್ಟು ಖರ್ಚಾಯಿತು? 35–36ನೇ ವಚನಗಳು ಅಳತೆ-ತೂಕದವು. ಅಂಗಡಿ ಇದ್ದವರಿಗೆ ತಕ್ಕಡಿ. ನೌಕರಿಯವರಿಗೆ ಸುಳ್ಳು ವೈದ್ಯಕೀಯ ಬಿಲ್ಲು, ಹಾಜರಿ ಹಾಕಿ ಹೊರಗೆ ಹೋಗುವುದು. ಗುತ್ತಿಗೆದಾರರಿಗೆ ಸಿಮೆಂಟಿನ ಪ್ರಮಾಣ.

ಮುಂದಿನ ರಾತ್ರಿಗಳಿಗೆ: 16ನೇ ವಚನದ ಚಾಡಿ (ಸಭೆಯಲ್ಲಿ ಇದು ‘ಅವರಿಗಾಗಿ ಪ್ರಾರ್ಥನೆ ಮಾಡಿ’ ಎಂಬ ಮುಸುಕು ಹಾಕಿಕೊಂಡು ಬರುತ್ತದೆ), 17–18ರ ಒಳಗೇ ಕುದಿಯುವ ದ್ವೇಷ, 32ರ ಹಿರಿಯರು, 33–34ರ ಹೊರಗಿನಿಂದ ಬಂದವರು. ಕಟ್ಟಡ ಕೆಲಸಕ್ಕೆ ಬಂದ ಒಡಿಶಾ, ಬಿಹಾರದವರೊಡನೆ ಯಾವ ದನಿಯಲ್ಲಿ ಮಾತಾಡುತ್ತೀರಿ ಎಂಬುದನ್ನೂ ಬರೆಯಿರಿ. ದೇಹ ಮತ್ತು ಕಣ್ಣಿನ ವಿಷಯಕ್ಕೆ 1 ಥೆಸಲೋನಿಕ 4:3–8 ಓದಿ. ಅಲ್ಲಿ ಪೌಲ ಕಾಮದ ತಪ್ಪನ್ನು ‘ಸಹೋದರನಿಗೆ ಮಾಡುವ ಮೋಸ’ ಎಂದು ಕರೆಯುತ್ತಾನೆ. ಇದು ನನ್ನ ಖಾಸಗಿ ವಿಷಯ ಎಂಬ ವಾದ ಅಲ್ಲಿಗೆ ಬೀಳುತ್ತದೆ.

ಬರೆಯುವಾಗ ಹೆಚ್ಚಿನವರು ಮಾಡುವ ತಪ್ಪೊಂದಿದೆ. ‘ನನ್ನಲ್ಲಿ ಅಹಂಕಾರವಿದೆ, ಪ್ರೀತಿ ಕಡಿಮೆ’ ಎಂದು ಬರೆದು ಮುಗಿಸುತ್ತಾರೆ. ಅಂಥ ಸಾಲಿನಿಂದ ಏನೂ ಆಗುವುದಿಲ್ಲ. ಯಾರಿಗೆ, ಯಾವಾಗ, ಎಷ್ಟು ಎಂದು ಬರೆಯಿರಿ: ‘ಜನವರಿಯಲ್ಲಿ ತಮ್ಮನಿಗೆ ಜಮೀನಿನ ವಿಷಯದಲ್ಲಿ ಸುಳ್ಳು ಹೇಳಿದೆ.’ ಅಹಂಕಾರಕ್ಕೆ ಮದ್ದು ಹುಡುಕುವುದು ಕಷ್ಟ, ತಮ್ಮನ ಮನೆಗೆ ಹೋಗುವ ಬಸ್ಸು ದಿನಾ ಇದೆ.

ಮೂರನೇ ವಾರ: ಒಪ್ಪಿಕೊಳ್ಳುವುದು, ತೀರಿಸುವುದು

ದೇವರೆದುರು ಮೊದಲು. ಕಥೋಲಿಕರಿಗೆ ಪಾಪನಿವೇದನೆಯ ಸಂಸ್ಕಾರವಿದೆ. ಗಂಭೀರ ಪಾಪಗಳನ್ನು ವರ್ಷಕ್ಕೆ ಒಮ್ಮೆಯಾದರೂ ನಿವೇದಿಸಲೇಬೇಕು ಎಂಬುದು ಧರ್ಮಸಭೆಯ ಕಟ್ಟಳೆ, ತಿಂಗಳಿಗೊಮ್ಮೆ ಹೋಗುವುದು ಒಳ್ಳೆಯ ರೂಢಿ. ನೋಟ್‌ಬುಕ್ ಜೊತೆಗೆ ಒಯ್ಯಬಹುದು. ಪ್ರೊಟೆಸ್ಟೆಂಟರು 1 ಯೋಹಾನ 1:9ರ ಆಧಾರದಲ್ಲಿ ನೇರ ದೇವರಿಗೆ ಅರಿಕೆ ಮಾಡುತ್ತಾರೆ, ಆದರೆ ಯಾಕೋಬ 5:16 ಒಬ್ಬರಿಗೊಬ್ಬರು ಒಪ್ಪಿಕೊಳ್ಳಿ ಎಂದಿರುವುದನ್ನು ನಮ್ಮ ಸಭೆಗಳು ಮರೆತೇಬಿಟ್ಟಿವೆ. ಪಾಸ್ಟರ್ ಅಥವಾ ಬಾಯಿ ಬಿಗಿಯಿರುವ ಒಬ್ಬ ಹಿರಿಯರ ಮುಂದೆ ಗಟ್ಟಿಯಾಗಿ ಹೇಳಿಕೊಂಡ ಪಾಪ ಅರ್ಧ ಬಲ ಕಳೆದುಕೊಳ್ಳುತ್ತದೆ.

ಆಮೇಲೆ ಮನುಷ್ಯರ ಮುಂದೆ. ಅರಣ್ಯಕಾಂಡ 5:7ರ ಲೆಕ್ಕ ಹೀಗೆ: ತೆಗೆದುಕೊಂಡದ್ದು ಪೂರ್ತಿ, ಅದರ ಮೇಲೆ ಐದನೇ ಒಂದು ಪಾಲು. ಅಂದರೆ 5,000 ರೂಪಾಯಿ ಹಿಡಿದಿದ್ದರೆ 6,000 ಹಿಂತಿರುಗಿಸುವುದು. ಯೇಸುವನ್ನು ಕಂಡ ಸುಂಕದವನು ಜಕ್ಕಾಯ ನಾಲ್ಕು ಪಾಲು ಎಂದ. ಅದು ಅವನ ಸಂಭ್ರಮ, ಎಲ್ಲರಿಗೂ ಹೇರುವ ನಿಯಮವಲ್ಲ. ಒಮ್ಮೆಗೇ ಕೊಡಲಾಗದಿದ್ದರೆ ಕಂತು ಹೇಳಿ, ಮೊದಲ ಕಂತು ಅಂದೇ ಕೊಡಿ. ಆ ವ್ಯಕ್ತಿ ತೀರಿಕೊಂಡಿದ್ದರೆ ವಾರಸುದಾರರಿಗೆ, ಯಾರೂ ಇಲ್ಲದಿದ್ದರೆ ಬಡವರಿಗೆ. ಹುಂಡಿಗೆ ಹಾಕಿ ಕೈತೊಳೆದುಕೊಳ್ಳುವುದು ವಾರಸುದಾರರು ಬದುಕಿರುವಾಗ ನಡೆಯುವುದಿಲ್ಲ.

ಕ್ಷಮೆ ಕೇಳುವ ಮಾತು ಮೂರು ವಾಕ್ಯ ಮೀರದಿರಲಿ: ಮಾಡಿದ್ದು ಇದು, ತಪ್ಪು ನನ್ನದು, ಸರಿಪಡಿಸಲು ಇದನ್ನು ಮಾಡುತ್ತೇನೆ. ‘ಆದರೆ ನೀವೂ ಅವತ್ತು…’ ಎಂದು ಬಾಯಿಗೆ ಬಂದರೆ ಅಲ್ಲಿಗೆ ನಿಲ್ಲಿಸಿ. ಎದುರಿನವರು ಕ್ಷಮಿಸಲೇಬೇಕೆಂದು ಹಟ ಹಿಡಿಯಬೇಡಿ, ಅದು ಅವರ ಕೈಯಲ್ಲಿದೆ.

ಇಲ್ಲಿ ಎಚ್ಚರಿಕೆ ಬೇಕಾದ ಎರಡು ಕಡೆ ಇವೆ. ನಿಮ್ಮ ಮನಸ್ಸು ಹಗುರವಾಗಲೆಂದು, ಏನೂ ತಿಳಿಯದ ವ್ಯಕ್ತಿಯ ಬಳಿ ಹೋಗಿ ‘ಹತ್ತು ವರ್ಷದಿಂದ ನಿಮ್ಮನ್ನು ಕಂಡರೆ ಆಗುತ್ತಿರಲಿಲ್ಲ’ ಎನ್ನುವುದು ಅರಿಕೆಯಲ್ಲ, ಭಾರ ವರ್ಗಾವಣೆ. ದಾಂಪತ್ಯದ್ರೋಹದಂಥ ವಿಷಯವನ್ನು ಹೇಳುವ ಮುನ್ನ ಅನುಭವಿ ಆಪ್ತಸಲಹೆಗಾರರನ್ನು ಕಾಣಿ. ಇನ್ನು ಮಕ್ಕಳ ಮೇಲಿನ ದೌರ್ಜನ್ಯ, ಮನೆಯೊಳಗಿನ ಹೊಡೆತಬಡಿತ ಸಭೆಯೊಳಗೆ ಪ್ರಾರ್ಥನೆ ಮಾಡಿ ಮುಚ್ಚಿಹಾಕುವ ವಿಷಯವಲ್ಲ. ಮಕ್ಕಳ ಸಹಾಯವಾಣಿ 1098, ಇಲ್ಲವೇ ಪೊಲೀಸರಿಗೆ ತಿಳಿಸಬೇಕು. ಮಕ್ಕಳ ಮೇಲಿನ ಲೈಂಗಿಕ ಅಪರಾಧ ಗೊತ್ತಿದ್ದೂ ತಿಳಿಸದಿರುವುದು ಪೋಕ್ಸೋ ಕಾಯ್ದೆಯಡಿ ಅಪರಾಧ. ಏಟು ತಿಂದವರಿಗೆ ‘ಕ್ಷಮಿಸಿಬಿಡು’ ಎಂದು ಒತ್ತಾಯಿಸುವುದು ಪರಿಶುದ್ಧತೆಯ ಹೆಸರಿನಲ್ಲಿ ನಡೆಯುವ ಇನ್ನೊಂದು ಏಟು.

ನಾಲ್ಕನೇ ವಾರ: ದಿನದ ಚೌಕಟ್ಟು

ದಿದಾಖೆ ಎಂಬ ಅತಿ ಹಳೆಯ ಕ್ರೈಸ್ತ ಕೈಪಿಡಿ ದಿನಕ್ಕೆ ಮೂರು ಸಲ ಕರ್ತನ ಪ್ರಾರ್ಥನೆ ಮಾಡಿ, ಬುಧವಾರ ಮತ್ತು ಶುಕ್ರವಾರ ಉಪವಾಸವಿರಿ ಎನ್ನುತ್ತದೆ. ಅಷ್ಟು ಸರಳವಾದ ಚೌಕಟ್ಟು ಸಾಕು.

ಬೆಳಿಗ್ಗೆ 20 ನಿಮಿಷ, ಫೋನ್ ಮುಟ್ಟುವ ಮುಂಚೆ. ಐದು ಕೀರ್ತನೆ ಓದಿದರೆ 150 ಕೀರ್ತನೆ 30 ದಿನಕ್ಕೆ ಮುಗಿಯುತ್ತವೆ. 119ನೆಯದು 176 ವಚನದ್ದು. ಅದನ್ನು ಭಾನುವಾರ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಐದು ಹೆಚ್ಚಾಯಿತೆಂದರೆ ಎರಡು ಓದಿ, ಆದರೆ ಬಿಡಬೇಡಿ. ಆಮೇಲೆ ಒಂದೇ ಪ್ರಶ್ನೆ: ಇಂದು ಯಾರನ್ನು ಕಾಣಲಿದ್ದೇನೆ, ಅಲ್ಲಿ ನನ್ನ ಕಾಲು ಜಾರುವ ಜಾಗ ಯಾವುದು? ಹನ್ನೊಂದರ ಮೀಟಿಂಗ್, ಅತ್ತೆಯ ಫೋನ್, ಸಂಜೆಯ ಟ್ರಾಫಿಕ್ ಎಂದು ಹೆಸರಿಟ್ಟು ಪ್ರಾರ್ಥಿಸಿ.

ಮಧ್ಯಾಹ್ನ ಊಟಕ್ಕೆ ಮುನ್ನ ‘ನಿನ್ನ ರಾಜ್ಯವು ಬರಲಿ’ ಎಂಬಲ್ಲಿ ಒಂದು ಉಸಿರು ನಿಂತು ಕರ್ತನ ಪ್ರಾರ್ಥನೆ. ಒಂದು ನಿಮಿಷ. ನಿರೀಕ್ಷೆ ದಿನದ ನಡುವೆ ಇಳಿಯುವ ಕಿಂಡಿ ಇದೇ.

ರಾತ್ರಿ ಹತ್ತು ನಿಮಿಷ. ಸಂತ ಇಗ್ನೇಷಿಯಸ್ ಲೊಯೋಲಾ ಕಲಿಸಿದ ಐದು ಮೆಟ್ಟಿಲು ಪ್ರೊಟೆಸ್ಟೆಂಟರಿಗೂ ಒಗ್ಗುತ್ತವೆ: ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ಗಂಟೆಗಂಟೆಯಾಗಿ ದಿನದ ಮರುನೋಟ, ಕ್ಷಮಾಯಾಚನೆ, ನಾಳೆಯ ತೀರ್ಮಾನ. ಕೃತಜ್ಞತೆಯನ್ನು ಹಾರಿ ನೇರ ತಪ್ಪಿಗೆ ಹೋದರೆ ಹದಿನೈದು ದಿನದಲ್ಲಿ ಈ ಅಭ್ಯಾಸ ಮನಸ್ಸು ಕುಗ್ಗಿಸುವ ಕೆಲಸವಾಗುತ್ತದೆ. ಎಫೆಸ 4:26 ಸೂರ್ಯ ಮುಳುಗುವ ಮುನ್ನ ಸಿಟ್ಟು ಬಿಡಿ ಎನ್ನುತ್ತದೆ. ಗಂಡ-ಹೆಂಡತಿ ಜಗಳವಾಡಿದ ರಾತ್ರಿ ಈ ಹತ್ತು ನಿಮಿಷಕ್ಕಿಂತ ಒಂದು ‘ತಪ್ಪಾಯ್ತು’ ಮುಖ್ಯ.

ಉಪವಾಸಕ್ಕೆ ಶುಕ್ರವಾರ ಒಂದು ಹೊತ್ತಿನ ಊಟ ಬಿಡುವುದರಿಂದ ಶುರುಮಾಡಿ, ನೀರು ಬಿಡಬೇಡಿ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು, ಬಸುರಿ-ಬಾಣಂತಿಯರು ಊಟ ಬಿಡುವುದು ಬೇಡ. ಕಾಫಿ, ಸೀರಿಯಲ್, ರೀಲ್ಸ್ ಬಿಡಬಹುದು. ಉಳಿದ ಊಟದ ದುಡ್ಡು ಅಂದೇ ಒಬ್ಬರ ಕೈಗೆ ಹೋಗಬೇಕು, ಇಲ್ಲದಿದ್ದರೆ ಅದು ಉಪವಾಸವಲ್ಲ, ಉಳಿತಾಯ. ಮಿಜೋರಾಂನ ಚರ್ಚುಗಳಲ್ಲಿ ಹೆಂಗಸರು ಪ್ರತಿ ಸಲ ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ಬೇರೆ ಡಬ್ಬಿಗೆ ಹಾಕಿ ಸಭೆಗೆ ಕೊಡುವ ‘ಬುಹ್‌ಫೈ ಥಾಮ್’ ಎಂಬ ರೂಢಿ ನೂರು ವರ್ಷಕ್ಕೂ ಹಳೆಯದು. ಹಿಡಿಗೆ 40 ಗ್ರಾಂ, ದಿನಕ್ಕೆ ಎರಡು ಸಲ ಎಂದರೂ ತಿಂಗಳಿಗೆ 2.4 ಕಿಲೋ ಆಯಿತು. ಮಕ್ಕಳ ಕೈಯಲ್ಲಿ ಹಾಕಿಸಿದರೆ ಅವರಿಗೆ ಬೇರೆ ಪಾಠ ಬೇಕಿಲ್ಲ.

ಐದನೇ ವಾರ: ಕಳಚುವುದು, ತೊಡುವುದು

ಎಫೆಸ 4 ಮತ್ತು ಕೊಲೊಸ್ಸೆ 3 ಎರಡರಲ್ಲೂ ಬಟ್ಟೆ ಬದಲಿಸುವ ಚಿತ್ರವಿದೆ. ಹಳೆಯದನ್ನು ಕಳಚಿ ಬರಿಮೈಯಲ್ಲಿ ನಿಂತವನು ಚಳಿಗೆ ಅದನ್ನೇ ಮತ್ತೆ ತೊಡುತ್ತಾನೆ. ಎಫೆಸ 4:28ರ ಕಳ್ಳನನ್ನು ನೋಡಿ: ಕದಿಯುವುದನ್ನು ಬಿಡಲಿ, ಕೈಯಾರೆ ದುಡಿಯಲಿ, ಇಲ್ಲದವರಿಗೆ ಕೊಡಲಿ. ಕದಿಯದ ಕಳ್ಳ ಇನ್ನೂ ಅರ್ಧ ದಾರಿಯಲ್ಲಿದ್ದಾನೆ, ಕೊಡುವವನಾದಾಗ ತಲುಪಿದ.

ಲೆಕ್ಕಪುಸ್ತಕದಿಂದ ಒಂದೇ ಒಂದನ್ನು ಆರಿಸಿ, ಆರು ವಾರ ಅದರ ಮೇಲೇ ಕೆಲಸ ಮಾಡಿ. ಒಮ್ಮೆಗೇ ಏಳೆಂಟು ಹಿಡಿದವರು ಒಂದನ್ನೂ ಉಳಿಸಿಕೊಂಡದ್ದು ಕಡಿಮೆ. ಆರಿಸಿದ್ದಕ್ಕೆ ನಾಲ್ಕು ಸಾಲು ಬರೆಯಿರಿ: ಯಾವಾಗ ಬರುತ್ತದೆ, ಎಲ್ಲಿ, ಅದಕ್ಕೆ ಮುಂಚೆ ಏನು ನಡೆದಿರುತ್ತದೆ, ಅದರ ಜಾಗಕ್ಕೆ ಏನು. ಅಶ್ಲೀಲ ಚಿತ್ರ ನೋಡುವ ಚಟಕ್ಕೆ ಸಾಮಾನ್ಯ ಉತ್ತರ ರಾತ್ರಿ ಹತ್ತರ ನಂತರ, ಒಂಟಿಯಾಗಿ, ಹಾಸಿಗೆಯಲ್ಲಿ, ದಣಿದಾಗ ಎಂದಿರುತ್ತದೆ. ಹಾಗಾದರೆ ಒಂಬತ್ತೂವರೆಗೆ ಫೋನ್ ಅಡುಗೆಮನೆಯಲ್ಲಿ ಚಾರ್ಜಿಗೆ, ಎಬ್ಬಿಸಲು 200 ರೂಪಾಯಿಯ ಅಲಾರಾಂ ಗಡಿಯಾರ, ಹಾಸಿಗೆ ಪಕ್ಕ ಪುಸ್ತಕ. ಕಣ್ಣೀರಿನ ಪ್ರಾರ್ಥನೆ ಮಾಡಿ ಫೋನನ್ನು ದಿಂಬಿನ ಕೆಳಗೇ ಇಟ್ಟು ಮಲಗುವುದು ಹುಲಿಬಾಯಿಗೆ ಕೈಕೊಟ್ಟು ಕೀರ್ತನೆ ಹಾಡಿದಂತೆ. ನಾಲಗೆಗಾದರೆ, ಅಲ್ಲಿಲ್ಲದವರ ಬಗ್ಗೆ ಮಾತು ಬಂದ ಕೂಡಲೇ ಅವರ ಒಂದು ಒಳ್ಳೆಯ ಗುಣ ಹೇಳುವುದು ಎಂದು ಗೊತ್ತುಮಾಡಿಕೊಳ್ಳಿ. ಚಾಡಿ ತಾನಾಗಿ ಒಣಗುತ್ತದೆ.

ಕುಡಿತದ ವಿಷಯದಲ್ಲಿ ಮಾತ್ರ ಬೇರೆ ಕ್ರಮ. ದಿನವೂ ಹೆಚ್ಚು ಕುಡಿಯುವವರು ಪ್ರಾರ್ಥನಾಕೂಟದ ಹುರುಪಿನಲ್ಲಿ ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಕೈನಡುಕ, ಫಿಟ್ಸ್, ಮತಿಭ್ರಮಣೆ ಬಂದು ಜೀವಕ್ಕೇ ಅಪಾಯವಾಗಬಹುದು. ಇದು ದೆವ್ವದ ಕಾಟವಲ್ಲ, ಮೆದುಳು-ನರಗಳ ಪ್ರತಿಕ್ರಿಯೆ. ವೈದ್ಯರ ನಿಗಾದಲ್ಲಿ ಬಿಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಔಷಧಿ ತೆಗೆದುಕೊಂಡು ಬಿಟ್ಟ ಕುಡಿತವೂ ದೇವರ ಕೃಪೆಯೇ.

ಆರನೇ ವಾರ: ಇಬ್ಬರು ಮೂವರು

1738ರ ಕ್ರಿಸ್ಮಸ್ ದಿನ, ಮೆಥೊಡಿಸ್ಟ್ ಚಳವಳಿ ಹುಟ್ಟುಹಾಕಿದ ಜಾನ್ ವೆಸ್ಲಿ ‘ಬ್ಯಾಂಡ್’ ಎಂಬ ಸಣ್ಣ ಗುಂಪುಗಳಿಗೆ ನಿಯಮ ಬರೆದ. ವಾರಕ್ಕೊಮ್ಮೆ, ಹೇಳಿದ ಸಮಯಕ್ಕೆ ಸರಿಯಾಗಿ ಸೇರುವುದು. ಕಳೆದ ಸಲದಿಂದ ತಿಳಿದೂ ಮಾಡಿದ ಪಾಪ ಯಾವುದು, ಎದುರಾದ ಶೋಧನೆ (ಪಾಪದ ಸೆಳೆತ) ಯಾವುದು, ಹೇಗೆ ಪಾರಾದೆ ಎಂದು ಪ್ರತಿಯೊಬ್ಬರೂ ಉತ್ತರಿಸುವುದು. 1742ರಲ್ಲಿ ಬ್ರಿಸ್ಟಲ್‌ನಲ್ಲಿ ಸಭಾಗೃಹದ ಸಾಲ ತೀರಿಸಲು, ಹನ್ನೆರಡು ಜನಕ್ಕೆ ಒಬ್ಬ ನಾಯಕ ಎಂದು ಹಂಚಿ, ಮನೆಮನೆಗೆ ಹೋಗಿ ವಾರಕ್ಕೊಂದು ಪೆನ್ನಿ ಸಂಗ್ರಹಿಸುವ ಏರ್ಪಾಡಾಯಿತು. ದುಡ್ಡಿಗೆ ಹೋದವರ ಕಣ್ಣಿಗೆ ಕುಡಿತ, ಜಗಳ, ಕಾಯಿಲೆ ಬಿದ್ದವು. ಸಾಲದ ಏರ್ಪಾಡು ಕಾಳಜಿಯ ಏರ್ಪಾಡಾಯಿತು.

ನಿಮಗೆ ಇಬ್ಬರು ಅಥವಾ ಮೂವರು ಸಾಕು, ಗಂಡಸರು ಗಂಡಸರೊಡನೆ, ಹೆಂಗಸರು ಹೆಂಗಸರೊಡನೆ. ವಾರಕ್ಕೊಮ್ಮೆ ಒಂದು ಗಂಟೆ. ಮೊದಲ ಹದಿನೈದು ನಿಮಿಷ 1 ಪೇತ್ರದ ಒಂದು ತುಣುಕು, ಆಮೇಲೆ ಒಬ್ಬೊಬ್ಬರಿಗೆ ಹತ್ತು ನಿಮಿಷ, ಕೊನೆಗೆ ಪ್ರಾರ್ಥನೆ. ಉಪದೇಶ ಕೇಳದ ಹೊರತು ಕೊಡಬಾರದು. ಹೇಳಿದ್ದು ಹೆಂಡತಿ ಅಥವಾ ಗಂಡನಿಗೂ ಹೋಗಬಾರದು. ಯಾರದಾದರೂ ಜೀವಕ್ಕೆ, ಮಗುವಿಗೆ ಅಪಾಯವಿದ್ದರೆ ಮಾತ್ರ ಈ ನಿಯಮ ಮುರಿಯಬಹುದು ಎಂದು ಮೊದಲ ದಿನವೇ ಹೇಳಿಕೊಳ್ಳಿ. ನಿಮ್ಮ ಕೈಕೆಳಗಿನ ನೌಕರ, ನಿಮ್ಮಿಂದ ಸಾಲ ಪಡೆದವರು ಈ ಗುಂಪಿಗೆ ಬೇಡ, ಬಾಯಿ ಬಿಡಲಾರರು. ದುಬೈ, ಕುವೈತ್‌ನಲ್ಲಿರುವ ಮಂಗಳೂರು-ಉಡುಪಿ ಕಡೆಯವರು ವಿಡಿಯೋ ಕರೆಯಲ್ಲೂ ಇದನ್ನು ನಡೆಸಬಹುದು; ವಾರದ ರಜೆಯ ದಿನ ಅನುಕೂಲ ಇದ್ದರೆ ಅಂದೇ.

ವಾರ, ವರ್ಷ

ಕರ್ತನ ಭೋಜನ ಅಥವಾ ಪರಮಪ್ರಸಾದವನ್ನು ನೆನಪಿನ ಊಟ ಎಂದಷ್ಟೇ ತಿಳಿದವರು ಅರ್ಧ ಕಳೆದುಕೊಂಡಿದ್ದಾರೆ. ‘ಆತನು ಬರುವ ತನಕ’ ಎಂಬ ಮಾತು ಅದರಲ್ಲೇ ಇದೆ (1 ಕೊರಿಂಥ 11:26). ಹಿಂದಿನ ಶನಿವಾರ ರಾತ್ರಿ ಲೆಕ್ಕಪುಸ್ತಕ ತೆರೆಯಿರಿ. ಯಾರೊಡನೆಯೋ ಮನಸ್ತಾಪವಿದ್ದರೆ ಶನಿವಾರವೇ ಫೋನ್ ಮಾಡಿ, ಭಾನುವಾರ ಬೆಳಿಗ್ಗೆ ಚರ್ಚಿನ ಮೆಟ್ಟಿಲಲ್ಲಿ ಅದಕ್ಕೆ ಸಮಯವಿರುವುದಿಲ್ಲ.

ವರ್ಷದಲ್ಲಿ ಆಗಮನ ಕಾಲ ನವೆಂಬರ್ 30ಕ್ಕೆ ಹತ್ತಿರದ ಭಾನುವಾರ ಶುರುವಾಗುತ್ತದೆ. ಅದರ ಮೊದಲ ವಾರಗಳ ಪಾಠಗಳು ಬೆತ್ಲೆಹೇಮಿಗಿಂತ ಕ್ರಿಸ್ತನ ಎರಡನೇ ಬರುವಿಕೆಯ ಕುರಿತಾಗಿರುತ್ತವೆ. ಕುಸ್ವಾರಿನ (ಕ್ರಿಸ್ಮಸ್ ತಿಂಡಿಗಳ) ಗಡಿಬಿಡಿಯಲ್ಲಿ ಅದು ಕಿವಿಗೆ ಬೀಳುವುದಿಲ್ಲ. ಲೆಕ್ಕಪುಸ್ತಕವನ್ನು ಹೊಸದಾಗಿ ಬರೆಯಲು ಅದು ಒಂದು ಹೊತ್ತು, ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ 40 ದಿನ ಇನ್ನೊಂದು. ವರ್ಷಕ್ಕೆ ಎರಡು ಸಲ ಸಾಕು.

ಎಡವುವ ಜಾಗಗಳು

ತಾರೀಖು ಎಣಿಸುವುದು. ಅಮೆರಿಕದ ವಿಲಿಯಂ ಮಿಲ್ಲರ್‌ನ ಬೋಧನೆ ಹಿಡಿದವರು 1844ರ ಅಕ್ಟೋಬರ್ 22ರಂದು ಕ್ರಿಸ್ತನು ಬರುತ್ತಾನೆಂದು ಕಾದರು. ಕೆಲವರು ಹೊಲದ ಬೆಳೆಯನ್ನೇ ಕೊಯ್ಯದೆ ಬಿಟ್ಟರು. ದಿನ ಕಳೆಯಿತು. ಆ ದಿನವೂ ಗಳಿಗೆಯೂ ಯಾರಿಗೂ ತಿಳಿಯದು ಎಂದು ಯೇಸುವೇ ಹೇಳಿರುವಾಗ, ಯುದ್ಧದ ಸುದ್ದಿ ನೋಡಿ ಯೂಟ್ಯೂಬಿನಲ್ಲಿ ವರ್ಷ ಹೇಳುವವರನ್ನು ಕೇಳುತ್ತಾ ಕೂರುವುದು ಕಾಲಹರಣ. ಥೆಸಲೋನಿಕದಲ್ಲಿ ಕೆಲವರು ಕೆಲಸ ಬಿಟ್ಟು ಅಲೆಯುತ್ತಿದ್ದಾಗ ಪೌಲ ಹೇಳಿದ್ದು ನಿಷ್ಠುರವಾಗಿತ್ತು: ದುಡಿಯಲು ಒಲ್ಲದವನು ಉಣ್ಣಲೂ ಬಾರದು.

ಸಣ್ಣದನ್ನೂ ದೊಡ್ಡದು ಮಾಡಿ ನರಳುವ ಮನಸ್ಸು. ಒಪ್ಪಿಕೊಂಡ ಪಾಪವನ್ನೇ ದಿನಕ್ಕೆ ಹತ್ತು ಸಲ ಒಪ್ಪಿಕೊಳ್ಳುವುದು, ಪ್ರಾರ್ಥನೆಯ ಪದ ತಪ್ಪಿತೆಂದು ಮೊದಲಿನಿಂದ ಹೇಳುವುದು ಭಕ್ತಿಯ ಗುರುತಲ್ಲ. ಒಬ್ಬರೇ ಗುರುಗಳ ಮಾತು ಕೇಳುವುದು, ಒಮ್ಮೆ ಹೇಳಿದ್ದನ್ನು ಮತ್ತೆ ಹೇಳದಿರುವುದು ಹಳೆಯ ಮದ್ದು. ಅಷ್ಟಕ್ಕೂ ನಿಲ್ಲದಿದ್ದರೆ ಅದು ಗೀಳು ಕಾಯಿಲೆಯಿರಬಹುದು, ಮನೋವೈದ್ಯರನ್ನು ಕಾಣಿ.

ಬಿದ್ದ ಮಾರನೆಯ ದಿನ. ಆರಿಸಿದ ಪಾಪದಲ್ಲಿ ಮತ್ತೆ ಬಿದ್ದಾಗ ಹೆಚ್ಚಿನವರು ಒಂದು ವಾರ ಪ್ರಾರ್ಥನೆಯನ್ನೇ ಬಿಡುತ್ತಾರೆ, ನಾಚಿಕೆಗೆ. ಬಿದ್ದದ್ದಕ್ಕಿಂತ ಹೆಚ್ಚು ಹಾನಿ ಆ ವಾರದ್ದು. 24 ಗಂಟೆಯೊಳಗೆ ದೇವರಿಗೂ ಗುಂಪಿನ ಒಬ್ಬರಿಗೂ ಹೇಳಿ, ನಾಲ್ಕು ಸಾಲಿನಲ್ಲಿ ಯಾವುದು ಕೈಕೊಟ್ಟಿತೆಂದು ನೋಡಿ ತಿದ್ದಿ, ಬೆಳಗಿನ ಕೀರ್ತನೆಯನ್ನು ಎಂದಿನಂತೆ ಓದಿ.

ಸಾವಿನ ಮನೆಯಲ್ಲಿ

ನಿರೀಕ್ಷೆಯ ಗಟ್ಟಿತನ ಕಾಣುವುದು ಇಲ್ಲಿ, ಹೆಚ್ಚು ಎಡವಟ್ಟಾಗುವುದೂ ಇಲ್ಲೇ. ಗ್ರೀಕಿನ ‘ಕೊಯ್ಮೆತೀರಿಯೊನ್’ ಎಂದರೆ ಮಲಗುವ ಜಾಗ. ಕ್ರೈಸ್ತರು ಅದನ್ನು ಸಮಾಧಿಗೆ ಬಳಸಿದರು, ಸೆಮೆಟರಿ ಎಂಬ ಪದ ಬಂದದ್ದು ಅಲ್ಲಿಂದ. ಏಳಲಿರುವವರು ಮಲಗಿದ್ದಾರೆ ಎಂಬುದು ಆ ಹೆಸರಿನೊಳಗಿನ ನಂಬಿಕೆ. ಹಾಗೆಂದು ‘ಅಳಬೇಡಿ, ದೇವರ ಚಿತ್ತ’ ಎಂದು ಬಾಯಿ ಮುಚ್ಚಿಸಬೇಡಿ. ಲಾಜರನನ್ನು ಎಬ್ಬಿಸಲಿದ್ದ ಯೇಸುವೇ ಅತ್ತ. 1 ಥೆಸಲೋನಿಕ 4:13 ನಿರೀಕ್ಷೆಯಿಲ್ಲದವರಂತೆ ದುಃಖಿಸಬೇಡಿ ಎನ್ನುತ್ತದೆ, ದುಃಖಿಸಲೇಬೇಡಿ ಎನ್ನುವುದಿಲ್ಲ.

ಹೋದಾಗ ಪಕ್ಕದಲ್ಲಿ ಕೂರಿ. ತೀರಿಕೊಂಡವರ ಹೆಸರು ಹೇಳಿ ಒಂದು ನೆನಪು ಹಂಚಿಕೊಳ್ಳಿ. ಪ್ರಾರ್ಥನೆ ಮಾಡುವುದಾದರೆ ಎರಡು ನಿಮಿಷ, 23ನೇ ಕೀರ್ತನೆ ಸಾಕು. ಬೇರೆ ಧರ್ಮದವರ ಮನೆಯಾದರೆ ಬೋಧನೆ ಬೇಡ, ಅವರು ಕೇಳಿದರೆ ಪೇತ್ರ ಹೇಳಿದಂತೆ (3:15) ಸೌಮ್ಯವಾಗಿ ನಿಮ್ಮ ನಿರೀಕ್ಷೆಗೆ ಆಧಾರ ಹೇಳಿ. ಮೊದಲ ಮೂರು ದಿನ ಊಟ ತರುವವರು ಬಹಳ ಜನ ಇರುತ್ತಾರೆ. ನೀವು ಹತ್ತನೇ ದಿನಕ್ಕೆ ತನ್ನಿ. ಮರಣ ಪ್ರಮಾಣಪತ್ರ, ಬ್ಯಾಂಕ್, ಪಿಂಚಣಿ ಕಾಗದಗಳಿಗೆ ಓಡಾಡಲು ಒಂದು ದಿನ ರಜೆ ಹಾಕಿ. ಅವರು ನಿಮಗೆ ಕೊಡಬೇಕಾದ ಸಾಲವಿದ್ದರೆ ಈಗ ಎತ್ತಬೇಡಿ. ನೀವು ಅವರಿಗೆ ಕೊಡಬೇಕಾದ್ದಿದ್ದರೆ, ಮನೆಯವರಿಗೆ ಗೊತ್ತಿರಲಿ ಬಿಡಲಿ, ತಿಂಗಳೊಳಗೆ ತಂದು ಕೈಗಿಡಿ.